ಮೊಬೈಲ್ ಬೈಕ್ ರೇಸ್: 150 ದಾಟಿದ ಕೂಡಲೇ ಗುದ್ದಿಕೊಳ್ಳುತ್ತೇನೆ, ಏನು ಮಾಡಲಿ?

ಮೂರನೇಗೇರ್

ಎಲ್ಲರಿಗೂ ನಮಸ್ಕಾರ. ಈಗ ಟ್ರಾಫಿಕ್ ರೈಡರ್ ಅನ್ನುವ ಮೊಬೈಲ್ ಗೇಮ್‌ನ ಹುಚ್ಚು ಹಿಡಿದಿದೆ. ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿ ಎಲ್ಲಾ ಸಲೀಸಾಗಿ ಹೋಗುತ್ತದೆ. 150 ದಾಟಿತೋ, ಯಾವುದಾದರೂ ಲಾರಿಯ ಹಿಂಭಾಗಕ್ಕೆ ಬಡಿದುಕೊಳ್ಳುತ್ತೇನೆ. ಇರುವ ಬೈಕ್ ಬಿಟ್ಟು ಇನ್ನೂ ದೊಡ್ಡ ಎಂಜಿನ್‌ನದು ತಗೊಳ್ಳಲಾ, ಅಥವಾ ಇದಕ್ಕೇ ಅಪ್‌ಗ್ರೇಡ್ ಹಾಕಿಸಲಾ? ಇನ್ನೊಂದು ಪ್ರಶ್ನೆ: ಫೋನ್ ಓರೆ ಮಾಡಿ ತಿರುಗಿಸುವುದು ಒಳ್ಳೆಯದಾ, ಬಟನ್ ಒತ್ತುವುದಾ? ಗೊತ್ತಿದ್ದವರು ಹೇಳಿ.

ಕ್ಲಚ್‌ವೈರ್

ಬೈಕ್ ಮಾತು ಆಮೇಲೆ. ಆಡುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ ಹೇಳಿ? ಹೊಸಬರು ಬಹಳ ಜನ ತಮ್ಮ ಮುಂದಿರುವ ವಾಹನವನ್ನೇ ನೋಡುತ್ತಾ ಕೂತಿರುತ್ತಾರೆ. 80, 100ರಲ್ಲಿ ಅದು ನಡೆಯುತ್ತದೆ. ಆಮೇಲೆ ನಡೆಯಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 200 ಕಿ.ಮೀ. ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 56 ಮೀಟರ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಅಲುಗಾಡಲು ಕಾಲು ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಅಷ್ಟರಲ್ಲಿ ಬೈಕ್ 14 ಮೀಟರ್ ಮುಂದೆ ಹೋಗಿರುತ್ತದೆ. ಸುಮಾರು ಮೂರು ಕಾರಿನ ಉದ್ದ. ಹತ್ತಿರ ಬಂದ ಮೇಲೆ ನೋಡಿ ತಪ್ಪಿಸಿಕೊಳ್ಳುತ್ತೇನೆ ಅಂದರೆ ಆಗುವ ಮಾತೇ ಅಲ್ಲ.

ಹಾಗಾಗಿ ಕಣ್ಣು ದೂರಕ್ಕೆ ಹಾಕಿ. ರಸ್ತೆ ಸಣ್ಣದಾಗಿ ಕಾಣುವ ಜಾಗ ಇರುತ್ತದಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ. ಹತ್ತಿರದ ವಾಹನ ಕಣ್ಣಂಚಿನಲ್ಲಿ ತಾನಾಗಿಯೇ ಕಾಣುತ್ತದೆ, ಅದನ್ನು ಮತ್ತೆ ದಿಟ್ಟಿಸಬೇಕಾಗಿಲ್ಲ. ಇನ್ನೊಂದು ಮಾತು, ಲಾರಿ ನೋಡಬೇಡಿ, ಲಾರಿ ಪಕ್ಕದ ಸಂದು ನೋಡಿ. ಬೈಕ್ ಓಡಿಸುವವರಿಗೆ ಇದು ಗೊತ್ತು. ಗುಂಡಿಯನ್ನೇ ನೋಡುತ್ತಾ ಹೋದರೆ ಚಕ್ರ ನೇರ ಗುಂಡಿಗೇ ಇಳಿಯುತ್ತದೆ. ಗೇಮ್‌ನಲ್ಲೂ ಕೈ ಕಣ್ಣಿನ ಹಿಂದೆಯೇ ಹೋಗುತ್ತದೆ.

ನಿಧಾನಸ್ಥ

ಕ್ಲಚ್‌ವೈರ್ ಹೇಳಿದ್ದು ಸರಿ. ಅದಕ್ಕೆ ಇದನ್ನೂ ಸೇರಿಸಿ: ಆಕ್ಸಿಲರೇಟರ್ ಬಿಡುವುದು ಕಲಿಯಿರಿ. ರೇಸ್ ಗೇಮ್ ಅಂದ ಕೂಡಲೇ ಬಲ ಹೆಬ್ಬೆರಳನ್ನು ಅಂಟಿಸಿ ಇಟ್ಟುಬಿಡುತ್ತೇವೆ. ಎರಡು ವಾಹನ ಅಕ್ಕಪಕ್ಕ ಹೋಗುತ್ತಾ ದಾರಿ ಮುಚ್ಚಿದಾಗ ಅರ್ಧ ಸೆಕೆಂಡ್ ಬೆರಳು ಎತ್ತಿದರೆ ಸಾಕು, ಅವು ಸ್ವಲ್ಪ ಹಿಂದೆ ಮುಂದೆ ಆಗುತ್ತವೆ, ಸಂದು ತೆರೆಯುತ್ತದೆ. ಆ ಅರ್ಧ ಸೆಕೆಂಡಿಗೆ ಕಳೆದುಕೊಳ್ಳುವ ವೇಗ ಏನೂ ಅಲ್ಲ. ಗುದ್ದಿದರೆ ಸೊನ್ನೆಯಿಂದ ಶುರು ಮಾಡಬೇಕು.

ಬ್ರೇಕ್ ಬೇರೆ ವಿಷಯ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಅದು ನಿಜವಾದ ರಸ್ತೆಯ ಲೆಕ್ಕ. ಗೇಮ್ ಮಾಡಿದವರು ಅದನ್ನು ಅಷ್ಟೇ ಕಟ್ಟುನಿಟ್ಟಾಗಿ ಇಟ್ಟಿರಲಿಕ್ಕಿಲ್ಲ, ಆದರೆ ರೀತಿ ಅದೇ. 100ರಲ್ಲಿ ಕೆಲಸ ಮಾಡಿದ ಬ್ರೇಕ್ 200ರಲ್ಲಿ ಮಾಡುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಸೈಲೆನ್ಸರ್

ನಿಧಾನಸ್ಥ ಅವರ ಹೆಸರೇ ಹೇಳುತ್ತಿದೆ 😄 ಆಕ್ಸಿಲರೇಟರ್ ಬಿಟ್ಟರೆ ಸ್ಕೋರ್ ಎಲ್ಲಿಂದ ಬರಬೇಕು ಸ್ವಾಮಿ? ಈ ಗೇಮ್‌ನಲ್ಲಿ ವೇಗ ಜಾಸ್ತಿ ಆದಷ್ಟೂ ಸ್ಕೋರ್ ಜಾಸ್ತಿ. 100 ದಾಟಿದ ಮೇಲೆ ವಾಹನದ ಪಕ್ಕದಲ್ಲೇ ಸವರಿಕೊಂಡು ಹೋದರೆ ಬೋನಸ್ ಸ್ಕೋರೂ ಸಿಗುತ್ತದೆ, ಕ್ಯಾಶೂ ಸಿಗುತ್ತದೆ. ಎರಡೂ ದಿಕ್ಕಿನ ರಸ್ತೆ ಇರುವಾಗ ಎದುರು ಬರುವ ಕಡೆಯಲ್ಲಿ ಓಡಿಸಿದರೆ ಇನ್ನೂ ಜಾಸ್ತಿ. ವೀಲಿ ಎತ್ತಿದರೆ, ಅಂದರೆ ಮುಂದಿನ ಚಕ್ರ ಎತ್ತಿ ಓಡಿಸಿದರೆ, ಅದಕ್ಕೂ ದುಡ್ಡು. ನಾನು ಕಟ್ಟಿ ಹೇಳುತ್ತಿರುವುದಲ್ಲ, ಗೇಮ್‌ನವರೇ ಕೊಟ್ಟಿರುವ ಟಿಪ್ಸ್.

ನಿಧಾನಸ್ಥ

ಗೊತ್ತು ಮಾರಾಯರೇ. ಆದರೆ ಎದುರು ದಿಕ್ಕಿನಲ್ಲಿ ಹೋದರೆ ಏನಾಗುತ್ತದೆ ಅಂತ ಯೋಚಿಸಿದ್ದೀರಾ? ನೀವು 200ರಲ್ಲಿ, ನಿಮ್ಮ ಮುಂದಿನ ಕಾರು 80ರಲ್ಲಿ ಅದೇ ದಿಕ್ಕಿಗೆ ಹೋಗುತ್ತಿದೆ ಅಂದುಕೊಳ್ಳಿ. ನೀವು ಅದರ ಹತ್ತಿರ ಬರುವ ವೇಗ 120 ಮಾತ್ರ, ಸೆಕೆಂಡಿಗೆ 33 ಮೀಟರ್. ಅದೇ ಕಾರು ಎದುರಿಗೆ ಬರುತ್ತಿದ್ದರೆ 280. ಸೆಕೆಂಡಿಗೆ 78 ಮೀಟರ್. ಯೋಚಿಸಲು ಸಿಗುವ ಸಮಯ ಅರ್ಧಕ್ಕಿಂತಲೂ ಕಡಿಮೆ.

150ರಲ್ಲೇ ತಡವರಿಸುವವರಿಗೆ ಎದುರು ದಿಕ್ಕಿಗೆ ಹೋಗಿ ಅಂತ ಹೇಳುವುದು ಸರಿಯಲ್ಲ. ಮೊದಲು ಒಂದೇ ದಿಕ್ಕಿನ ರಸ್ತೆಯಲ್ಲಿ ಕೈ ಪಳಗಲಿ.

ಸೈಲೆನ್ಸರ್

ಒಪ್ಪಿದೆ. ಒಂದು ತಂತ್ರ ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಎದುರು ದಿಕ್ಕಿನಲ್ಲಿ ಪೂರ್ತಿ ಆ ಕಡೆಗೆ ಹೋಗಬೇಕಾಗಿಲ್ಲ. ಮಧ್ಯದ ಗೆರೆಗೆ ಅಂಟಿಕೊಂಡೇ ಆ ಬದಿಯಲ್ಲಿ ಓಡಿಸಿ. ಎದುರಿಗೆ ಜೋಡಿ ವಾಹನ ಬಂದರೆ ಒಂದು ಚಿಟಿಕೆ ಈಚೆ ವಾಲಿದರೆ ಮುಗಿಯಿತು. ಆ ತುದಿಗೆ ಹೋದವರು ವಾಪಸ್ ಬರುವುದು ಕಷ್ಟ. ವೀಲಿ ಎತ್ತುವುದು ಖಾಲಿ ರಸ್ತೆಯಲ್ಲಿ ಮಾತ್ರ, ಅದರಲ್ಲಿ ಜಾಣತನ ತೋರಿಸಲು ಹೋಗಬೇಡಿ.

ಕ್ಲಚ್‌ವೈರ್

ಪಕ್ಕದಲ್ಲಿ ಸವರಿಕೊಂಡು ಹೋಗುವ ಬೋನಸ್ ಬಗ್ಗೆ ಒಂದು ಮಾತು. ಬಹಳ ಜನ ವಾಹನದ ಹಿಂದೆಯೇ ಬಂದು ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಎಳೆಯುತ್ತಾರೆ. ಬೈಕ್ ಅಡ್ಡಡ್ಡ ಹೋಗುತ್ತಾ ಇರುವಾಗಲೇ ಹಿಂದಿನ ಮೂಲೆ ತಾಗುತ್ತದೆ. ಅದರ ಬದಲು ದೂರದಲ್ಲೇ ಲೇನ್ ಗೆರೆಯ ಮೇಲೆ ಬಂದು ಕೂತುಬಿಡಿ. ಆಮೇಲೆ ನೇರವಾಗಿ ಹೋಗುವುದಷ್ಟೇ ಕೆಲಸ. ಎಡಗಡೆಯದು, ಬಲಗಡೆಯದು ಎರಡೂ ಪಕ್ಕಪಕ್ಕದಲ್ಲೇ ಹಾದುಹೋಗುತ್ತವೆ. ಬೋನಸ್ ತಾನಾಗಿ ಬೀಳುತ್ತದೆ. ಗೆರೆಯೇ ನಿಮ್ಮ ರಸ್ತೆ ಅಂದುಕೊಳ್ಳಿ, ಲೇನ್ ಮಧ್ಯಕ್ಕೆ ಹೋಗುವುದು ಉಸಿರಾಡಲು ಮಾತ್ರ.

ವಾಹನಗಳು ಲೇನ್ ಬದಲಾಯಿಸುವ ಗೇಮ್ ಆದರೆ ಇಂಡಿಕೇಟರ್ ಮೇಲೆ ಕಣ್ಣಿರಲಿ. ಹಿಂದಿನ ಲೈಟ್ ಮಿನುಗಿದ ಬದಿಗೆ ಹೋಗಲೇಬೇಡಿ.

ಮೂರನೇಗೇರ್

ಎಲ್ಲರಿಗೂ ಥ್ಯಾಂಕ್ಸ್. ಗೆರೆ ಮೇಲೆ ಓಡಿಸುವುದು ಟ್ರೈ ಮಾಡಿದೆ, ತಕ್ಷಣವೇ ವ್ಯತ್ಯಾಸ ಗೊತ್ತಾಯಿತು. ಆದರೆ ಫೋನ್ ಓರೆ ಮಾಡುವುದರಲ್ಲಿ ಬೈಕ್ ಗೆರೆ ಮೇಲೆ ನಿಲ್ಲುತ್ತಿಲ್ಲ, ಆ ಕಡೆ ಈ ಕಡೆ ತೂಗಾಡುತ್ತದೆ.

ತಿರುವುಮಾಸ್ಟರ್

ತೂಗಾಡುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಸೆನ್ಸಿಟಿವಿಟಿ ಜಾಸ್ತಿ ಇದೆ. ಸ್ವಲ್ಪ ವಾಲಿಸಿದರೆ ಬೈಕ್ ತುಂಬಾ ವಾಲುತ್ತದೆ, ನೀವು ಹೆದರಿ ಇನ್ನೊಂದು ಕಡೆ ಎಳೆಯುತ್ತೀರಿ, ಅದು ಇನ್ನೂ ಜಾಸ್ತಿ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಿ. ಎರಡು, ಆಟ ಶುರುವಾಗುವಾಗ ಫೋನ್ ಹೇಗೆ ಹಿಡಿದಿದ್ದೀರೋ ಅದನ್ನೇ ಕೆಲವು ಗೇಮ್‌ಗಳು ನೇರ ಅಂತ ತಿಳಿದುಕೊಳ್ಳುತ್ತವೆ. ಸೋಫಾ ಮೇಲೆ ಒರಗಿಕೊಂಡು ಶುರು ಮಾಡಿ, ಆಮೇಲೆ ಎದ್ದು ಕೂತರೆ ಕೆಟ್ಟಿತು. ಕ್ಯಾಲಿಬ್ರೇಟ್ ಅನ್ನುವ ಬಟನ್ ಇದ್ದರೆ ಆಡುವ ಭಂಗಿಯಲ್ಲಿ ಕೂತು ಒತ್ತಿ.

ಹಿಡಿಯುವ ರೀತಿಯೂ ಮುಖ್ಯ. ಮೊಣಕೈ ಮೈಗೆ ಅಥವಾ ಮೇಜಿಗೆ ಊರಿ, ಮಣಿಕಟ್ಟಿನಿಂದ ಮಾತ್ರ ತಿರುಗಿಸಿ. ನೀರು ತುಂಬಿದ ತಟ್ಟೆ ಹಿಡಿದ ಹಾಗೆ ಇರಬೇಕು ಕೈ. ಇಡೀ ತೋಳು ಎತ್ತಿ ಸ್ಟೀರಿಂಗ್ ತಿರುಗಿಸಿದಂತೆ ಮಾಡಿದರೆ ಪರದೆಯೂ ಓರೆಯಾಗಿ, ರಸ್ತೆಯೇ ಸರಿಯಾಗಿ ಕಾಣುವುದಿಲ್ಲ.

ಸೈಲೆನ್ಸರ್

ಸುಮ್ನೆ ಬಟನ್‌ಗೆ ಬನ್ನಿ, ತಲೆನೋವೇ ಇಲ್ಲ.

ತಿರುವುಮಾಸ್ಟರ್

ಅದು ಗೇಮ್ ಮೇಲೆ ಹೋಗುತ್ತದೆ. ಬಟನ್ ಅಂದರೆ ಒತ್ತಿದೆ ಅಥವಾ ಬಿಟ್ಟೆ, ಎರಡೇ. ಅರ್ಧ ಒತ್ತುವುದು ಅಂತಿಲ್ಲ. ಟ್ರಾಫಿಕ್ ಗೇಮ್‌ನಲ್ಲಿ ಲೇನಿನಿಂದ ಲೇನಿಗೆ ಹಾರುವುದಷ್ಟೇ ಕೆಲಸ, ಅಲ್ಲಿ ಬಟನ್ ಚೆನ್ನಾಗಿ ನಡೆಯುತ್ತದೆ. ಸರ್ಕ್ಯೂಟ್ ರೇಸ್‌ನಲ್ಲಿ ಉದ್ದನೆಯ ತಿರುವು ಬಂದಾಗ ಬೈಕನ್ನು ಒಂದೇ ಓರೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಬಟನ್‌ನಲ್ಲಿ ಟಪ್ ಟಪ್ ಅಂತ ಒತ್ತುತ್ತಾ ಇರಬೇಕಾಗುತ್ತದೆ. ಅಲ್ಲಿ ಓರೆ ಮಾಡುವುದೇ ಸಲೀಸು.

ಬಟನ್ ಇಷ್ಟಪಡುವವರಿಗೆ ಒಂದೇ ಸಲಹೆ: ಒತ್ತಿ ಹಿಡಿಯಬೇಡಿ, ಚಿಕ್ಕಚಿಕ್ಕದಾಗಿ ತಟ್ಟಿ.

ಬ್ಯಾಟರಿಲೋ

ಯಾರೂ ಫೋನ್ ಬಗ್ಗೆ ಮಾತಾಡುತ್ತಿಲ್ಲ. ಅರ್ಧ ಗುದ್ದಾಟಕ್ಕೆ ಫೋನೇ ಕಾರಣ.

ಸೆಕೆಂಡಿಗೆ 30 ಚಿತ್ರ ತೋರಿಸುವ ಫೋನಿನಲ್ಲಿ 200ರ ವೇಗಕ್ಕೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಬೈಕ್ 1.85 ಮೀಟರ್ ಜಿಗಿದಿರುತ್ತದೆ. 60 ಇದ್ದರೆ ಒಂದು ಮೀಟರಿಗಿಂತ ಕಡಿಮೆ. ಸಂದು ನೋಡಿ ನುಗ್ಗುವ ಆಟದಲ್ಲಿ ಇದು ದೊಡ್ಡ ವಿಷಯ ಅಲ್ವಾ? ಆದ್ದರಿಂದ ಗ್ರಾಫಿಕ್ಸ್ ಕಡಿಮೆ ಮಾಡಿ, ಫ್ರೇಮ್ ರೇಟ್ ಜಾಸ್ತಿ ಇಡಿ. ನೆರಳು, ಹೊಳಪು, ಮಂಜು ಇವೆಲ್ಲ ವಿಡಿಯೊ ಹಾಕುವವರಿಗೆ. ಆಡುವವರಿಗೆ ರಸ್ತೆ ಸ್ಪಷ್ಟವಾಗಿ ಕಂಡರೆ ಸಾಕು.

ಬ್ಯಾಟರಿ ಸೇವರ್ ಆನ್ ಇದ್ದರೆ ಬಹಳಷ್ಟು ಫೋನ್‌ಗಳು ವೇಗ ಇಳಿಸಿಬಿಡುತ್ತವೆ, ಆಡುವಾಗ ಆಫ್ ಮಾಡಿ. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ. ಫೋನ್ ಕಾದರೆ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ನಿಧಾನ ಆಗುತ್ತದೆ. ಮೊದಲ ರೇಸ್ ನುಣುಪಾಗಿ ಹೋಗಿ, ಬಿಡದೆ ಆಡುತ್ತಾ ಹೋದಂತೆ ಜರ್ಕ್ ಹೊಡೆಯುವುದು ಇದಕ್ಕೇ. ದಪ್ಪ ಕವರ್ ಇದ್ದರೆ ತೆಗೆದಿಡಿ.

ಬೆರಳು ಬೆವರಿದರೂ ತೊಂದರೆ. ಒದ್ದೆ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಆಕ್ಸಿಲರೇಟರ್ ಒತ್ತಿದ್ದೇ ಇರುತ್ತದೆ, ಬೈಕ್ ಮಾತ್ರ ನಿಧಾನ ಆಗುತ್ತಿರುತ್ತದೆ. ರೇಸ್‌ಗೆ ಮೊದಲು ಕೈ, ಪರದೆ ಎರಡೂ ಒರೆಸಿಕೊಳ್ಳಿ.

ಕ್ಲಚ್‌ವೈರ್

ಇದಕ್ಕೆ ನನ್ನದೊಂದು ಸೇರ್ಪಡೆ: ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಶಬ್ದ ತಡವಾಗಿ ಬರುತ್ತದೆ. ಹಾಡು ಕೇಳುವಾಗ ಗೊತ್ತಾಗಲ್ಲ, ರೇಸ್‌ನಲ್ಲಿ ಗೊತ್ತಾಗುತ್ತದೆ. ಗೇರ್ ನಾವೇ ಹಾಕುವ ಗೇಮ್‌ಗಳಲ್ಲಿ ಎಂಜಿನ್ ಕೂಗು ಕೇಳಿಯೇ ಗೇರ್ ಬದಲಾಯಿಸುವುದು ವಾಡಿಕೆ. ಅಲ್ಲಿ ವೈರ್ ಇರುವ ಇಯರ್‌ಫೋನ್ ಹಾಕಿ, ಇಲ್ಲವೇ ಫೋನಿನ ಸ್ಪೀಕರೇ ಸಾಕು.

ಸೈಲೆನ್ಸರ್

ಮತ್ತೆ ಆ ಪರದೆ ಅಂಚು! ಹೆಬ್ಬೆರಳು ಅಂಚಿನಿಂದ ಒಳಗೆ ಜಾರಿದರೆ ಫೋನ್ ಅದನ್ನು ಹಿಂದಕ್ಕೆ ಹೋಗು ಅಂತ ತಿಳಿದುಕೊಂಡು ಆಟ ನಿಲ್ಲಿಸಿಬಿಡುತ್ತದೆ. ಒಳ್ಳೆ ಸ್ಕೋರ್ ಬಂದಾಗಲೇ ಹೀಗಾಗಬೇಕು. ಫೋನಿನಲ್ಲಿ ಗೇಮ್ ಮೋಡ್ ಇದ್ದರೆ ಆನ್ ಮಾಡಿ, ಕರೆ, ಮೆಸೇಜು, ಅಂಚಿನ ಗೆಸ್ಚರ್ ಎಲ್ಲಾ ತಡೆಹಿಡಿಯುತ್ತದೆ.

ಮಣ್ಣುಗಾಲಿ

ಎಲ್ಲರೂ ಹೆದ್ದಾರಿಯಲ್ಲೇ ಇದ್ದೀರಿ. ಮಣ್ಣಿನ ಗುಡ್ಡ ಹಾರುವ ಗೇಮ್‌ಗಳ ಅಭಿಮಾನಿ ನಾನು. ಹಳಬರಿಗೆ ನೆನಪಿರಬಹುದು, 2004ರಲ್ಲಿ ಗ್ರಾವಿಟಿ ಡಿಫೈಡ್ ಅಂತ ಬಂದಿತ್ತು. ಬಟನ್ ಫೋನಿನ ಜಾವಾ ಗೇಮ್. ಬರೀ ಗೆರೆಗಳಲ್ಲಿ ಬರೆದ ಬೆಟ್ಟ, ಗೆರೆಗಳಲ್ಲೇ ಬೈಕು. ಆಕ್ಸಿಲರೇಟರ್, ಬ್ರೇಕ್, ಹಿಂದಕ್ಕೆ ವಾಲು, ಮುಂದಕ್ಕೆ ವಾಲು, ಅಷ್ಟೇ. ಅಷ್ಟರಲ್ಲೇ ಕೂದಲು ಕಿತ್ತುಕೊಳ್ಳುವಂತೆ ಮಾಡುತ್ತಿತ್ತು. 2014ರಲ್ಲಿ ಬಂದ ಟ್ರಯಲ್ಸ್ ಫ್ರಾಂಟಿಯರ್‌ನಲ್ಲೂ ಮೂಲ ಆಟ ಅದೇ.

ಇವುಗಳಲ್ಲಿ ಗೆಲ್ಲುವುದು ವೇಗದಿಂದಲ್ಲ, ಇಳಿಯುವ ರೀತಿಯಿಂದ. ಹಾರಿದ ಮೇಲೆ ಕೆಳಗಿನ ನೆಲ ಎಷ್ಟು ಓರೆ ಇದೆಯೋ ಬೈಕೂ ಅಷ್ಟೇ ಓರೆಯಲ್ಲಿರಬೇಕು. ಇಳಿಜಾರಿನಲ್ಲಿ ಎರಡೂ ಚಕ್ರ ಒಟ್ಟಿಗೆ ತಾಗಿದರೆ ವೇಗ ಉಳಿಯುತ್ತದೆ. ಮುಂದಿನ ಚಕ್ರ ಮೊದಲು ಕುಕ್ಕಿದರೆ ಸವಾರ ಹ್ಯಾಂಡಲ್ ದಾಟಿ ಹೋಗುತ್ತಾನೆ. ಹಿಂದಿನದು ಮಾತ್ರ ತಾಗಿದರೆ ಬೈಕ್ ಪುಟಿದು ಒದ್ದಾಡುತ್ತದೆ.

ಗಾಳಿಯಲ್ಲಿರುವಾಗ ಆಕ್ಸಿಲರೇಟರ್ ಕೊಟ್ಟರೆ ಮೂತಿ ಮೇಲೇಳುತ್ತದೆ, ಬ್ರೇಕ್ ಹಿಡಿದರೆ ಕೆಳಗಿಳಿಯುತ್ತದೆ. ಇದು ಗೇಮ್‌ನವರ ಕಲ್ಪನೆ ಅಲ್ಲ, ನಿಜವಾದ ಮೋಟೊಕ್ರಾಸ್ ಸವಾರರು ಮಾಡುವುದೂ ಇದನ್ನೇ. ಹಿಂದಿನ ಚಕ್ರ ಒಂದು ದಿಕ್ಕಿಗೆ ಜೋರಾಗಿ ಸುತ್ತತೊಡಗಿದರೆ ಬೈಕಿನ ಮೈ ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಸುತ್ತುವ ಚಕ್ರವನ್ನು ತಡೆದರೆ ಆ ತಿರುಗಾಟ ಮೈಗೆ ಬಂದು ಮೂತಿ ಬಗ್ಗುತ್ತದೆ.

ಮೂರನೇಗೇರ್

ಹಾಗಾದರೆ ಹಾರುವಾಗ ಪೂರ್ತಿ ಆಕ್ಸಿಲರೇಟರ್ ಕೊಡಲೇಬಾರದಾ?

ಮಣ್ಣುಗಾಲಿ

ಏರು ಮುಗಿಯುವವರೆಗೆ ಕೊಡಿ, ತುದಿ ಬಿಡುತ್ತಿದ್ದಂತೆ ಬಿಡಿ. ಆಮೇಲೆ ನೆಲ ನೋಡಿಕೊಂಡು ಬೇಕಾದಷ್ಟು. ಚಿಕ್ಕ ದಿಬ್ಬಗಳಿದ್ದರೆ ಹಾರದೇ ಹೋಗುವುದೇ ಲಾಭ. ಗಾಳಿಯಲ್ಲಿ ಚಕ್ರಕ್ಕೆ ಹಿಡಿತ ಇಲ್ಲ, ಹಿಡಿತ ಇಲ್ಲದಾಗ ವೇಗ ಏರುವುದಿಲ್ಲ. ದಿಬ್ಬಕ್ಕೆ ಬರುವ ಮೊದಲು ಮುಂದಕ್ಕೆ ವಾಲಿ ಬೈಕನ್ನು ನೆಲಕ್ಕೆ ಒತ್ತಿ ಹಿಡಿಯಿರಿ. ಪಲ್ಟಿ ಹೊಡೆದರೆ ಪಾಯಿಂಟ್ ಕೊಡುವ ಗೇಮ್ ಆದರೆ ಮಾತು ಬೇರೆ, ಅಲ್ಲಿ ಹಾರಿ, ಕುಣಿಯಿರಿ.

ತಿರುವುಮಾಸ್ಟರ್

ಸರ್ಕ್ಯೂಟ್ ಆಡುವವರಿಗೂ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಅಲ್ಲಿ ಬರುವ ತಪ್ಪೇ ಬೇರೆ. ಎಲ್ಲರೂ ನೇರ ರಸ್ತೆಯಲ್ಲಿ ವೇಗ ಹುಡುಕುತ್ತಾರೆ. ಸಮಯ ಸಿಗುವುದು ತಿರುವಿನಿಂದ ಹೊರಬರುವಾಗ.

ತಿರುವಿಗೆ ಹೊರ ಅಂಚಿನಿಂದ ಬನ್ನಿ. ನಡುವೆ ಒಳ ಅಂಚನ್ನು ಮುಟ್ಟಿ. ಮತ್ತೆ ಹೊರ ಅಂಚಿಗೆ ಬಿಟ್ಟುಕೊಳ್ಳಿ. ಹೀಗೆ ಹೋದರೆ ತಿರುವು ಅಗಲವಾಗುತ್ತದೆ. ಬೈಕ್ ಅದೇ ಓರೆಯಲ್ಲಿದ್ದರೂ, ತಿರುವು ಎರಡರಷ್ಟು ಅಗಲವಾದರೆ ಸುಮಾರು 1.4 ಪಟ್ಟು ವೇಗದಲ್ಲಿ ತಿರುಗಬಹುದು. ಹಾಗಾಗಿ ಸುಮ್ನೆ ಒಳ ಅಂಚು ಹಿಡಿದು ಹತ್ತಿರದ ದಾರಿಯಲ್ಲಿ ಹೋದವರು ಹಿಂದೆ ಬೀಳುತ್ತಾರೆ.

ಒಳ ಅಂಚನ್ನು ಮುಟ್ಟುವುದನ್ನೂ ಸ್ವಲ್ಪ ತಡ ಮಾಡಿ. ತಿರುವಿನ ಅರ್ಧ ಕಳೆದ ಮೇಲೆ ಮುಟ್ಟಿದರೆ ಬೈಕಿನ ಮೂತಿ ಆಗಲೇ ಮುಂದಿನ ನೇರ ರಸ್ತೆಯ ಕಡೆಗಿರುತ್ತದೆ, ಬೇಗ ಆಕ್ಸಿಲರೇಟರ್ ಕೊಡಬಹುದು. ಬೇಗ ಮುಟ್ಟಿದರೆ ಕೊನೆಯಲ್ಲಿ ಹೊರಗೆ ಹುಲ್ಲಿಗೆ ಇಳಿಯುತ್ತೀರಿ.

ಬ್ರೇಕ್ ನೇರವಾಗಿರುವಾಗಲೇ ಮುಗಿಸಿ. ಮುಂದಿನ, ಹಿಂದಿನ ಬ್ರೇಕ್ ಬೇರೆಬೇರೆ ಕೊಟ್ಟಿರುವ ಗೇಮ್ ಆದರೆ ಮುಂದಿನದನ್ನೇ ನಂಬಿ. ಬ್ರೇಕ್ ಹಿಡಿದಾಗ ಭಾರ ಎಲ್ಲಾ ಮುಂದಕ್ಕೆ ಬರುತ್ತದೆ, ಹಿಡಿತ ಇರುವುದು ಅಲ್ಲೇ. ಕೈ ಪಳಗಿದ ಮೇಲೆ ತಿರುವಿನ ಒಳಗೂ ಸ್ವಲ್ಪ ಬ್ರೇಕ್ ಇಟ್ಟುಕೊಂಡು, ವಾಲುತ್ತಾ ಹೋದಂತೆ ಬಿಡುತ್ತಾ ಬರಬಹುದು. ಟೈರಿಗೆ ಒಂದೇ ಹಿಡಿತ, ಅದನ್ನು ಬ್ರೇಕಿಗೂ ಓರೆಗೂ ಹಂಚಬೇಕು. ಪೂರ್ತಿ ವಾಲಿಕೊಂಡು ಪೂರ್ತಿ ಬ್ರೇಕ್ ಹಿಡಿದರೆ ಬಿದ್ದಂತೆಯೇ.

ಬ್ಯಾಟರಿಲೋ

ಬ್ರೇಕ್ ಎಲ್ಲಿ ಹಿಡಿಯಬೇಕು ಅಂತ ಹೇಗೆ ಗೊತ್ತಾಗುತ್ತದೆ? ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಬ್ರೇಕ್ ಹಿಡಿಯಬೇಕು ಅಂತ ಗೇಮ್ ರಸ್ತೆ ಮೇಲೆ ತೋರಿಸುವ ಆ ಹಸಿರು ಕೆಂಪು ಗೆರೆ ಆನ್ ಮಾಡಿದರೆ ಸರಿ ಹೋಗುತ್ತದಾ?

ತಿರುವುಮಾಸ್ಟರ್

ಶುರುವಿನಲ್ಲಿ ಆನ್ ಇರಲಿ. ಆದರೆ ಆ ಗೆರೆ ಹೆಚ್ಚಾಗಿ ಸುರಕ್ಷಿತವಾಗಿ, ಸ್ವಲ್ಪ ಮುಂಚೆಯೇ ಬ್ರೇಕ್ ಹಿಡಿ ಅನ್ನುತ್ತದೆ. ಅದನ್ನೇ ನೋಡುತ್ತಾ ಇದ್ದರೆ ರಸ್ತೆ ಕಲಿಯುವುದಿಲ್ಲ. ಪಕ್ಕದ ಬೋರ್ಡ್, ಕಂಬ, ಟಾರ್ ಬಣ್ಣ ಬದಲಾಗುವ ಜಾಗ, ಹೀಗೆ ಏನಾದರೂ ಒಂದನ್ನು ಗುರುತು ಮಾಡಿಕೊಳ್ಳಿ. ಪ್ರತಿ ಸುತ್ತಿಗೂ ಒಂದಿಷ್ಟು ತಡವಾಗಿ ಬ್ರೇಕ್ ಹಿಡಿಯುತ್ತಾ ಹೋಗಿ, ಜಾರುವ ಜಾಗ ಸಿಕ್ಕ ಮೇಲೆ ಸ್ವಲ್ಪ ಹಿಂದಕ್ಕೆ ಬನ್ನಿ.

ಆಟೋ ಬ್ರೇಕ್ ಆನ್ ಇದ್ದರೆ ಒಂದಲ್ಲ ಒಂದು ದಿನ ಆಫ್ ಮಾಡಲೇಬೇಕು. ಅದು ಹಿಡಿದಾಗ ನಿಮ್ಮ ಗುರುತುಗಳಿಗೆ ಬೆಲೆಯೇ ಇರುವುದಿಲ್ಲ.

ಇನ್ನು ಎದುರಾಳಿಯ ಹಿಂದೆಯೇ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗುತ್ತದೆ, ಬಹಳಷ್ಟು ರೇಸ್ ಗೇಮ್‌ಗಳಲ್ಲಿ ಇದನ್ನು ಇಟ್ಟಿದ್ದಾರೆ. ನೇರ ರಸ್ತೆಯ ಕೊನೆಯವರೆಗೂ ಹಿಂದೆಯೇ ಇದ್ದು, ಬ್ರೇಕ್ ಹಿಡಿಯುವ ಮುಂಚೆ ಪಕ್ಕಕ್ಕೆ ಬನ್ನಿ. ತಡವಾದರೆ ಅವನ ಹಿಂದಿನ ಟೈರಿಗೇ ನಿಮ್ಮ ಬ್ರೇಕು.

ಸೈಲೆನ್ಸರ್

ಗೇಮ್‌ಗಳಲ್ಲಿ 400 ಅಂತ ತೋರಿಸುವುದು ನೋಡಿದರೆ ನಗು ಬರುತ್ತದೆ. ನಿಜವಾದ ಬೈಕ್ ರೇಸ್ ಮೋಟೊಜಿಪಿಯಲ್ಲಿ 2023ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕ್‌ನಲ್ಲಿ ಸವಾರ ಬ್ರ್ಯಾಡ್ ಬಿಂಡರ್ ಮುಟ್ಟಿದ್ದೇ ಗಂಟೆಗೆ 366.1 ಕಿ.ಮೀ. ನಮ್ಮ ಹೆಬ್ಬೆರಳು ಅವರಿಗಿಂತ ಮುಂದೆ!

ತಿರುವುಮಾಸ್ಟರ್

ಓರೆಯಲ್ಲಿ ಮಾತ್ರ ಅವರೇ ಮುಂದೆ. 60 ಡಿಗ್ರಿ ದಾಟಿ ವಾಲಿ, ಮೊಣಕೈ ನೆಲಕ್ಕೆ ಸವರುತ್ತಾರೆ. ನಾವು ಫೋನ್ ಅಷ್ಟು ಓರೆ ಮಾಡಿದರೆ ಕೈ ತಪ್ಪಿ ಬೀಳುತ್ತದೆ.

ಮೂರನೇಗೇರ್

ನನ್ನ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ 🙂 ದುಡ್ಡು ಎಲ್ಲಿ ಹಾಕಲಿ?

ಕ್ಲಚ್‌ವೈರ್

ನಿಮ್ಮ ತೊಂದರೆ ಗುದ್ದುವುದು. ಹಾಗಾಗಿ ಹ್ಯಾಂಡ್ಲಿಂಗ್ ಮೊದಲು, ಬ್ರೇಕ್ ಆಮೇಲೆ, ಎಂಜಿನ್ ಕೊನೆಗೆ. ಎಲ್ಲರೂ ಇದನ್ನು ತಿರುಗುಮುರುಗು ಮಾಡುತ್ತಾರೆ, ಏಕೆಂದರೆ ಎಂಜಿನ್ ಹಾಕಿಸಿದ ಕೂಡಲೇ ಸ್ಪೀಡೋಮೀಟರಿನಲ್ಲಿ ಕಾಣುತ್ತದೆ. ಹ್ಯಾಂಡ್ಲಿಂಗ್ ಜಾಸ್ತಿ ಆದರೆ ಪಕ್ಕಕ್ಕೆ ಸರಿಯಲು ಹಿಡಿಯುವ ಸಮಯ ಕಡಿಮೆಯಾಗುತ್ತದೆ. ಅದೇ ನಿಮಗೆ ಬೇಕಾದ್ದು.

ಬೈಕ್ ಕೊಳ್ಳುವುದಾದರೆ ಮಧ್ಯದವುಗಳನ್ನು ಬಿಟ್ಟು ಹಾರಿ. ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋದರೆ ಪ್ರತಿಯೊಂದಕ್ಕೂ ಕೊಟ್ಟ ದುಡ್ಡು, ಅಪ್‌ಗ್ರೇಡಿನ ದುಡ್ಡು ಎರಡೂ ಮುಳುಗುತ್ತವೆ. ಇರುವುದರಲ್ಲೇ ದುಡಿದು, ನಾಲ್ಕಾರು ಬೈಕ್ ಆಚೆಯದನ್ನು ತಗೊಳ್ಳಿ.

ನಿಧಾನಸ್ಥ

ಇಲ್ಲಿ ನನ್ನದು ಬೇರೆ ಅಭಿಪ್ರಾಯ. ಒಂದೊಂದೇ ಮಿಷನ್ ಮುಗಿಸುತ್ತಾ ಹೋಗುವ ಕೆರಿಯರ್ ಆಡುತ್ತಿದ್ದರೆ ಅಷ್ಟು ಕಾಯಲು ಆಗಲ್ಲ, ಮಿಷನ್‌ಗೆ ಬೇಕಾದ ವೇಗವೇ ಇರುವ ಬೈಕಿನಲ್ಲಿ ಬರದೇ ಹೋಗಬಹುದು. ಸಿಕ್ಕಿಹಾಕಿಕೊಂಡಾಗ ಗುದ್ದುವವರೆಗೆ ಓಡಿಸುವ ಎಂಡ್‌ಲೆಸ್ ಆಟಕ್ಕೆ ಹೋಗಿ ಕ್ಯಾಶ್ ಮಾಡಿಕೊಂಡು ಬನ್ನಿ. ಆದರೆ ಅಪ್‌ಗ್ರೇಡ್ ಕ್ರಮ ಕ್ಲಚ್‌ವೈರ್ ಹೇಳಿದ್ದೇ ಸರಿ.

ಇಬ್ಬರಮ್ಮ

ನಮಸ್ತೆ. ನಾನು ಆಡುವುದಿಲ್ಲ, ನನ್ನ ಮಕ್ಕಳು ಆಡುತ್ತಾರೆ. ಬೈಕ್ ಬೇಕು ಅಂತ ದಿನಾ ಗಲಾಟೆ. ಗೇಮ್ ಒಳಗೆ ನಿಜವಾದ ದುಡ್ಡು ಖರ್ಚಾಗದಂತೆ ತಡೆಯುವುದು ಹೇಗೆ? ಇನ್ನೊಂದು, ಯಾವುದೋ ವೆಬ್‌ಸೈಟ್‌ನಲ್ಲಿ ಎಲ್ಲಾ ಬೈಕ್ ಫ್ರೀಯಾಗಿ ಬರುವ ಎಪಿಕೆ (ಆ್ಯಪ್ ಸ್ಟೋರ್ ಇಲ್ಲದೆ ನೇರ ಹಾಕುವ ಆ್ಯಪ್ ಫೈಲ್) ಸಿಗುತ್ತದಂತೆ, ಹಾಕಿಕೊಡು ಅನ್ನುತ್ತಿದ್ದಾನೆ ದೊಡ್ಡವನು. ಹಾಕಬಹುದಾ?

ಬ್ಯಾಟರಿಲೋ

ಮೇಡಂ, ಆ ಎಪಿಕೆ ಮಾತ್ರ ಬೇಡವೇ ಬೇಡ. ಗೇಮನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿರುತ್ತಾರೆ, ಒಳಗೆ ಇನ್ನೇನು ತುಂಬಿದ್ದಾರೆ ಅಂತ ಗೊತ್ತಾಗುವುದಿಲ್ಲ. ನಿಮ್ಮ ಬ್ಯಾಂಕ್ ಮೆಸೇಜುಗಳೂ ಅದೇ ಫೋನಿಗೆ ಬರುತ್ತವಲ್ಲ. ಒಂದು ರೇಸ್ ಗೇಮ್ ಎಸ್‌ಎಂಎಸ್ ಓದಲು, ಕಾಂಟ್ಯಾಕ್ಟ್ ನೋಡಲು ಅನುಮತಿ ಕೇಳಿದರೆ ಅಲ್ಲೇ ನಿಲ್ಲಿಸಿ. ಆನ್‌ಲೈನ್ ರೇಸ್ ಇರುವ ಗೇಮ್ ಆದರೆ ಅಕೌಂಟ್ ಬ್ಯಾನ್ ಆಗುವ ಸಾಧ್ಯತೆಯೂ ಇದೆ.

ದುಡ್ಡಿಗೆ: ಆಂಡ್ರಾಯ್ಡ್ ಆದರೆ ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡಬಹುದು. ಮಕ್ಕಳ ಬೆರಳಚ್ಚು ಆ ಫೋನಿನಲ್ಲಿ ಸೇರಿಸಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಉಪಯೋಗವಿಲ್ಲ. ಐಫೋನ್ ಆದರೆ ಸ್ಕ್ರೀನ್ ಟೈಮ್ ಒಳಗೆ ಇನ್-ಆ್ಯಪ್ ಪರ್ಚೇಸ್ ಪೂರ್ತಿ ಬಂದ್ ಮಾಡಬಹುದು.

ನಿಧಾನಸ್ಥ

ಮೇಡಂ, ದೊಡ್ಡವನಿಗೆ ನಿಜವಾದ ಬೈಕ್ ಓಡಿಸುವ ವಯಸ್ಸು ಹತ್ತಿರ ಬಂದಿದ್ದರೆ ಒಂದು ಮಾತು ಹೇಳಿಡಿ. ನಾವು ಮೇಲೆ ಬೋನಸ್ ಅಂತ ಹೊಗಳಿದ್ದೆಲ್ಲ, ಪಕ್ಕದಲ್ಲಿ ಸವರುವುದು, ಎದುರು ದಿಕ್ಕು, ವೀಲಿ, ರಸ್ತೆಯಲ್ಲಿ ಜೀವ ತೆಗೆಯುವಂಥವು. ಗೇಮ್‌ನ ಕಾರಿನವನು ಕನ್ನಡಿ ನೋಡದೆ ಬಾಗಿಲು ತೆಗೆಯುವುದಿಲ್ಲ, ರಸ್ತೆಯಲ್ಲಿ ಮರಳು ಬಿದ್ದಿರುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ.

ಇಬ್ಬರಮ್ಮ

ಧನ್ಯವಾದ. ಪಾಸ್‌ವರ್ಡ್ ಹಾಕಿದೆ. ಈಗ ಜಾಹೀರಾತು ನೋಡಿ ಕಾಯಿನ್ ಸೇರಿಸುತ್ತಿದ್ದಾನೆ!

ಸೈಲೆನ್ಸರ್

ಅವನು ಬುದ್ಧಿವಂತ. ರೇಸ್ ಮುಗಿದ ಮೇಲೆ ಜಾಹೀರಾತು ನೋಡಿದರೆ ದುಡ್ಡು ಎರಡು ಪಟ್ಟು ಅಂತ ಎಷ್ಟೋ ಗೇಮ್‌ಗಳು ಕೊಡುತ್ತವೆ. ಸಣ್ಣ ಗಳಿಕೆಗೆ ನೋಡಬೇಡ ಅನ್ನಿ, ದೊಡ್ಡ ರನ್ ಬಂದಾಗ ಮಾತ್ರ ನೋಡಲಿ. ಆ ಮಧ್ಯೆ ಮಧ್ಯೆ ತಾನಾಗಿ ಬರುವ ಜಾಹೀರಾತು ಬೇಡ ಅಂದರೆ ಇಂಟರ್ನೆಟ್ ಆಫ್ ಮಾಡಿ ಆಡಬಹುದು, ಆಫ್‌ಲೈನ್ ನಡೆಯುವ ಗೇಮ್ ಆದರೆ.

ಮೂರನೇಗೇರ್

ಹ್ಯಾಂಡ್ಲಿಂಗ್ ಹಾಕಿಸಿದೆ, ಸೆನ್ಸಿಟಿವಿಟಿ ಇಳಿಸಿದೆ, ಗ್ರಾಫಿಕ್ಸ್ ಇಳಿಸಿದೆ. ಈಗ 180ರ ಆಸುಪಾಸಿನಲ್ಲಿ ಗೆರೆ ಮೇಲೆ ಆರಾಮಾಗಿ ಹೋಗುತ್ತಿದೆ. ಒಂದೇ ತೊಂದರೆ, ಬಹಳ ಹೊತ್ತು ಚೆನ್ನಾಗಿ ಹೋದ ಮೇಲೆ ಯಾವುದೋ ಸಿಂಪಲ್ ಜಾಗದಲ್ಲಿ ಗುದ್ದುತ್ತೇನೆ.

ಕ್ಲಚ್‌ವೈರ್

ಅದು ಕಣ್ಣು ಸೋತಿರುವುದು. ದೂರ ನೋಡುತ್ತಿದ್ದ ಕಣ್ಣು ಗೊತ್ತಿಲ್ಲದೇ ಹತ್ತಿರಕ್ಕೆ ಬಂದಿರುತ್ತದೆ, ಅಥವಾ ಸ್ಕೋರ್ ಎಷ್ಟಾಯಿತು ಅಂತ ಮೂಲೆಗೆ ಹೋಗಿರುತ್ತದೆ. ಹಳೆಯ ದಾಖಲೆ ಹತ್ತಿರ ಬಂದಾಗ ಎಲ್ಲರಿಗೂ ಹೀಗಾಗುತ್ತದೆ. ಅಂಕಿ ಇರುವ ಮೂಲೆಯನ್ನು ಬೆರಳಲ್ಲಿ ಮುಚ್ಚಿ ಆಡಿ ನೋಡಿ. ಕಣ್ಣು ಮಿಟುಕಿಸುವುದನ್ನೂ ಮರೆಯುತ್ತೇವೆ, ಉರಿ ಬಂದರೆ ಪಾಸ್ (ಆಟವನ್ನು ತಡೆದು ನಿಲ್ಲಿಸುವ ಬಟನ್) ಒತ್ತಿ. ಪಾಸ್‌ನಿಂದ ವಾಪಸ್ ಬರುವಾಗ ಮಾತ್ರ ಹುಷಾರು, ಕೆಲವು ಗೇಮ್‌ಗಳು ಎಣಿಕೆ ಇಲ್ಲದೆ ಸೀದಾ ಶುರುವಾಗುತ್ತವೆ. ರಸ್ತೆ ಖಾಲಿ ಇರುವ ಕಡೆಯಲ್ಲೇ ನಿಲ್ಲಿಸಿ.

ಮೂರನೇಗೇರ್

ಸರಿ. ಕೊನೆಯದಾಗಿ ಒಂದು. ಫೋನ್ ಬದಲಾಯಿಸುವ ಯೋಚನೆ ಇದೆ. ಬೈಕುಗಳೆಲ್ಲ ಹೊಸ ಫೋನಿಗೆ ಬರುತ್ತವಾ?

ಬ್ಯಾಟರಿಲೋ

ಗೇಮ್ ಸೆಟ್ಟಿಂಗ್‌ನಲ್ಲಿ ಕ್ಲೌಡ್ ಸೇವ್ ಅಥವಾ ಸೈನ್ ಇನ್ ಅಂತ ಇದೆಯಾ ನೋಡಿ. ಇದ್ದರೆ ಹಳೆ ಫೋನಿನಲ್ಲಿ ಲಾಗಿನ್ ಆಗಿ ಸೇವ್ ಮಾಡಿ, ಹೊಸದರಲ್ಲಿ ಅದೇ ಅಕೌಂಟ್ ಹಾಕಿ. ಲೀಡರ್‌ಬೋರ್ಡ್‌ಗೆ (ಎಲ್ಲರ ಸ್ಕೋರ್ ಪಟ್ಟಿಗೆ) ಮಾತ್ರ ಲಾಗಿನ್ ಕೇಳುವ ಗೇಮ್‌ಗಳೂ ಇವೆ, ಅವುಗಳಲ್ಲಿ ಸ್ಕೋರ್ ಮಾತ್ರ ಬರುತ್ತದೆ, ಬೈಕ್ ಬರುವುದಿಲ್ಲ. ಕ್ಲೌಡ್ ಇಲ್ಲ ಅಂದರೆ ಎಲ್ಲಾ ಆ ಫೋನಿನ ಒಳಗೇ ಇದೆ ಅಂತ ಅರ್ಥ. ಗೇಮ್ ಡಿಲೀಟ್ ಮಾಡಿದರೆ ಅಥವಾ ಕ್ಲಿಯರ್ ಡೇಟಾ ಒತ್ತಿದರೆ ಹೋಯಿತು. ಕ್ಲಿಯರ್ ಕ್ಯಾಶ್ ಒತ್ತಿದರೆ ಏನೂ ಆಗಲ್ಲ, ಈ ಕ್ಯಾಶ್ (cache) ಗೇಮ್‌ನ ದುಡ್ಡಲ್ಲ, ತಾತ್ಕಾಲಿಕ ಫೈಲ್‌ಗಳು.

ಹೊಸ ಫೋನಿನ ಗ್ಯಾರೇಜಿನಲ್ಲಿ ನಿಮ್ಮ ಬೈಕುಗಳು ನಿಂತಿರುವುದನ್ನು ಕಣ್ಣಾರೆ ನೋಡುವವರೆಗೆ ಹಳೆಯದನ್ನು ರೀಸೆಟ್ ಮಾಡಬೇಡಿ.